ಸಂಜೀವಣ್ಣ ವಾಟ್ಸಾಪ್ ಬಿಟ್ಟದ್ದು

ಮೀನಿನ ಕಿವಿರನ್ನು ಎಡಗೈ ಹೆಬ್ಬೆರಳಿನಿಂದ ಎತ್ತಿ ಹಿಡಿದು, ಬಲಗೈಯಲ್ಲಿ ಮೊಬೈಲನ್ನು ಅದರ ಮೂತಿಗೆ ತಗಲುವಷ್ಟು ಹತ್ತಿರ ತಂದು, ಕನ್ನಡಕವನ್ನು ಹಣೆಗೇರಿಸಿಕೊಂಡು ಫೋಟೋ ತೆಗೆಯುತ್ತಿದ್ದ ಮನುಷ್ಯನನ್ನು ಟಾಲಿಗಂಜಿನ ಬಜಾರಿನಲ್ಲಿ ಎಲ್ಲರೂ ಬಲ್ಲರು. ಮೀನು ಮಾರುವವರು ಅವರನ್ನು ‘ಫೋಟೋ ದಾದಾ’, ಅಂದರೆ ಫೋಟೋ ಅಣ್ಣ, ಎಂದು ಕರೆಯುತ್ತಿದ್ದರು. ನಮಗೆ ಅವರು ಸಂಜೀವಣ್ಣ. ಉಡುಪಿ ಕಡೆಯವರು, ಬ್ಯಾಂಕಿನ ಕೆಲಸದ ಮೇಲೆ ಕಲ್ಕತ್ತೆಗೆ ಬಂದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದವರು. ನಮ್ಮ ಕಟ್ಟಡದಲ್ಲಿ, ನಮ್ಮ ಮನೆಯ ಕೆಳಗಿನ ಮಹಡಿಯಲ್ಲೇ ಇದ್ದರು.

ನಾನೋ ಮೈಸೂರಿನವಳು, ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಳ್ಳದ ಮನೆಯವಳು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಫೋನು ತೆಗೆದರೆ ನಮ್ಮ ಕನ್ನಡದವರ ಗ್ರೂಪಿನಲ್ಲಿ ಬಾಯಿ ಬಿಟ್ಟುಕೊಂಡ ಮೀನು! ಬೇರೆ ಯಾರಿಗೋ ಕಳಿಸಬೇಕಾದದ್ದು ಕೈತಪ್ಪಿ ನಮಗೆಲ್ಲ ಬಂದಿರುತ್ತಿತ್ತು. “ಏನ್ರೀ ಸಂಜೀವಣ್ಣ, ಬೆಳಗ್ಗೆ ಬೆಳಗ್ಗೆ ಇದು ಯಾವ ಕರ್ಮ?” ಎಂದು ಮೆಟ್ಟಿಲ ಮೇಲೆ ರೇಗಿದರೆ ಅವರಿಗೆ ಕೊಂಚವೂ ನಾಚಿಕೆಯಿಲ್ಲ.

“ಕೈ ಜಾರಿತು ಮಾರಾಯ್ತಿ. ಆದ್ರೂ ಒಮ್ಮೆ ನೋಡು, ಕಿವಿರು ಎಷ್ಟು ಕೆಂಪು ಉಂಟು!”

ಆ ಫೋಟೋ ನಿಜವಾಗಿ ಹೋಗಬೇಕಾದದ್ದು ಭಾಸ್ಕರಣ್ಣನಿಗೆ. ಅವರೂ ಅದೇ ಊರಿನ ಕಡೆಯವರು, ಅದೇ ಬ್ಯಾಂಕಿನವರು, ಮೆಟ್ರೋದಲ್ಲಿ ಎರಡು ಸ್ಟೇಷನ್ ಆಚೆಗೆ ಮನೆ. ಇಬ್ಬರೂ ಸೇರಿದರೆ ತುಳು, ನಾವು ಯಾರಾದರೂ ಹೋದರೆ ಕನ್ನಡ, ಬಜಾರಿನಲ್ಲಿ ಅವರೇ ಕಟ್ಟಿಕೊಂಡ ಒಂದು ಬಂಗಾಳಿ. ಬಂಗಾಳದವರು ಹೊಳೆಯ ಇಲಿಶ್ ಮೀನೆಂದರೆ ಪ್ರಾಣ ಬಿಡುತ್ತಾರೆ. ಇವರಿಬ್ಬರಿಗೆ ಅದು ಲೆಕ್ಕಕ್ಕೇ ಇಲ್ಲ. ಅವರಿಗೆ ಬೇಕಾದದ್ದು ಸಮುದ್ರದ ಬಂಗುಡೆ. ಅದು ಇಲ್ಲಿಗೆ ಬರುವುದೇ ಅಪರೂಪ, ಬಂದರೂ ಯಾವತ್ತು ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಅದಕ್ಕೆ ಇಬ್ಬರೂ ಒಂದು ಪದ್ಧತಿ ಮಾಡಿಕೊಂಡಿದ್ದರು. ಯಾರು ಮೊದಲು ಬಜಾರಿಗೆ ಹೋಗುತ್ತಾರೋ ಅವರು ಬಂಗುಡೆ ಕಂಡರೆ, ತಾಜಾ ಹೌದೋ ಅಲ್ಲವೋ ತಿಳಿಯುವ ಹಾಗೆ ಕಿವಿರಿನ ಫೋಟೋ ಕಳಿಸಬೇಕು. ಒಂದಕ್ಷರವೂ ಬರೆಯುವುದಿಲ್ಲ. ಆ ಕಡೆಯಿಂದಲೂ ಉತ್ತರವಿಲ್ಲ. ಎರಡು ಗೆರೆ ನೀಲಿಯಾದರೆ ‘ಹೊರಟೆ’ ಎಂದರ್ಥ. ಇನ್ನೊಬ್ಬರು ಚೀಲ ಹಿಡಿದು ಬಂದು, ತಾವೂ ಒಮ್ಮೆ ಕಿವಿರು ಎತ್ತಿ ನೋಡಿ ‘ಹ್ಞೂಂ’ ಅಂದ ಮೇಲೆಯೇ ಮೀನು ಕತ್ತರಿಸಿ ಪಾಲು ಮಾಡುವುದು.

ಹೆಂಡತಿ ತೀರಿಕೊಂಡ ಮೇಲೆ ಸಂಜೀವಣ್ಣನ ದಿನ ಆ ಫೋಟೋದ ಸುತ್ತಲೇ ತಿರುಗುತ್ತಿತ್ತು. ಮಗ ಊರಿನ ಇನ್ನೊಂದು ತುದಿಯ ಸಾಲ್ಟ್ ಲೇಕಿನಲ್ಲಿದ್ದ, ಭಾನುವಾರ ಬಂದು ಹೋಗುತ್ತಿದ್ದ. ಉಳಿದ ದಿನ ಅವರನ್ನು ‘ಏಯ್’ ಎಂದು ಕರೆಯುವವರು ಈ ಊರಿನಲ್ಲಿ ಭಾಸ್ಕರಣ್ಣ ಒಬ್ಬರೇ.

ಇಬ್ಬರ ನಡುವೆ ಕೆಟ್ಟದ್ದು ಒಂದು ಚಳಿಗಾಲದ ಬೆಳಿಗ್ಗೆ. ಸಂಜೀವಣ್ಣ ಫೋಟೋ ಕಳಿಸಿದರು, ಕೂಡಲೇ ಗೆರೆ ನೀಲಿಯಾಯಿತು. ಇವರು ಮೀನು ತೆಗೆದಿಡಿಸಿ ಕಾದರು, ಕಾದರು. ಪಕ್ಕದ ಅಂಗಡಿಯವರು ಕಟ್ಟೆ ತೊಳೆಯಲು ಶುರು ಮಾಡಿದರು. ಭಾಸ್ಕರಣ್ಣ ಬರಲೇ ಇಲ್ಲ. ನಡೆದದ್ದು ಇಷ್ಟು: ಅವರು ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಗೆ ಹೋಗಿದ್ದರು, ಫೋನು ಮನೆಯಲ್ಲಿತ್ತು. ಹೆಂಡತಿ ಲೀಲಕ್ಕ ತರಕಾರಿಯವನ ನಂಬರು ಹುಡುಕುತ್ತ ಆ ಫೋಟೋ ತೆರೆದು, ಹೇಳಲು ಮರೆತರು. ಇಷ್ಟೇ! ನಾನೇ ಸಂಜೀವಣ್ಣನಿಗೆ ಬಿಡಿಸಿ ಹೇಳಿದೆ. ಅವರು ಒಪ್ಪಲೂ ಒಪ್ಪಿದರು. ಆದರೆ ಭಾಸ್ಕರಣ್ಣ ಬಂದು ಒಂದು ಮಾತು ಹೇಳಬೇಕಿತ್ತಂತೆ.

ಭಾಸ್ಕರಣ್ಣನನ್ನು ಕೇಳಿದರೆ, “ಒಂದು ಮೀನಿಗೆ ನಾನು ಹೋಗಿ ತಪ್ಪಾಯ್ತು ಅನ್ಬೇಕಾ? ಎಂತ ಕತೆ ನಿಂದು!” ಎಂದು ನನ್ನ ಮೇಲೆಯೇ ಹರಿಹಾಯ್ದರು.

ಆಗ ಸಂಜೀವಣ್ಣನ ಸಿಟ್ಟೆಲ್ಲ ಆ ನೀಲಿ ಗೆರೆಗಳ ಮೇಲೆ ತಿರುಗಿತು. “ನೋಡಿದವನನ್ನು ನೋಡಿದ ಅಂತ ಚಾಡಿ ಹೇಳುವ ಆ್ಯಪ್ ಎಂತಕ್ಕೆ?” ಎನ್ನತೊಡಗಿದರು. ಅದನ್ನು ಆಫ್ ಮಾಡಬಹುದು, ಒಂದು ಬಟನ್ ಒತ್ತಿದರೆ ಮುಗಿಯಿತು ಎಂದು ತೋರಿಸಿದೆ. ಹಾಗೆ ಮಾಡಿದರೆ ತಮಗೂ ಬೇರೆಯವರು ನೋಡಿದ್ದು ಕಾಣುವುದಿಲ್ಲ ಎಂದು ತಿಳಿದಾಗ ಮುಖ ಸಣ್ಣದಾಯಿತು. ಕಾಣುವುದೂ ಬೇಡ, ಕಾಣದಿರುವುದೂ ಬೇಡ! ನನಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಒಂದು ವಾರ ಅವರು ಸಾಲ ಕೇಳಲು ಬಂದವರನ್ನು ಅಳೆಯುವ ಹಾಗೆ ಒಂದೊಂದೇ ಆ್ಯಪನ್ನು ಅಳೆದರು. ಟೆಲಿಗ್ರಾಂ ಹಾಕಿಸಿಕೊಂಡರು, “ಇದು ಕಲ್ಯಾಣಮಂಟಪ. ಯಾರು ಬಂದ್ರು, ಯಾರು ಉಂಡ್ರು, ಯಾರಿಗೂ ಗೊತ್ತಿಲ್ಲ” ಎಂದು ತೆಗೆಸಿದರು. ಎಸ್ಸೆಮ್ಮೆಸ್ಸೇ ಸಾಕು ಅಂದುಕೊಂಡರೆ ಅಲ್ಲಿ ಬ್ಯಾಂಕಿನದು ಬಿಟ್ಟು ಬೇರೆ ಮೆಸೇಜೇ ಇರಲಿಲ್ಲ, “ಇಡೀ ಜನ್ಮ ಬ್ಯಾಂಕಿನಲ್ಲಿ ಕಳೆದದ್ದು ಸಾಲ್ದಾ?” ಎಂದರು. ಕೊನೆಗೆ ಸಿಗ್ನಲ್ ಎನ್ನುವ ಆ್ಯಪ್ ಮನಸ್ಸಿಗೆ ಬಂತು. ಗುಡ್ ಮಾರ್ನಿಂಗ್ ಹೂವಿಲ್ಲ, ಯಾರದೋ ಭಾಷಣವಿಲ್ಲ, ಗದ್ದಲವಿಲ್ಲ. ಯಾಕೆಂದರೆ ಅಲ್ಲಿ ಜನರೇ ಇರಲಿಲ್ಲ.

ಕನ್ನಡದವರ ಗ್ರೂಪನ್ನೇ ಅಲ್ಲಿಗೆ ಎಬ್ಬಿಸಿಕೊಂಡು ಹೋಗಬೇಕೆಂದು ಹೊರಟರು. ಯುಗಾದಿಯ ಊಟದಲ್ಲಿ, ರಾಮನವಮಿಯ ಕೋಸಂಬರಿ ಹಂಚುವಾಗ, ಎಲ್ಲ ಕಡೆಯೂ ಇದೇ ಉಪದೇಶ. ಯಾರೂ ಕದಲಲಿಲ್ಲ. ನನ್ನಮ್ಮ ಮೈಸೂರಿನಿಂದ ವಾಟ್ಸಾಪಿನಲ್ಲಿ ಮಾತು ಕಳಿಸುತ್ತಾಳೆ, ಅವಳಿಗೆ ಅದೊಂದೇ ಗೊತ್ತು. ನಾನು ಹೇಗೆ ಬಿಡಲಿ? ಇಲ್ಲೇ ಬೆಳೆದ ನನ್ನ ಮಗಳಂತೂ, “ಅಂಕಲ್, ವಾಟ್ಸಾಪೇ ಓಲ್ಡ್ ಪೀಪಲ್‌ದು. ನಾವೆಲ್ಲ ಇನ್‌ಸ್ಟಾ. ಅಲ್ಲಿ ಸ್ಟಿಕರ್ ಅಚ್ಛಾ ಇದೆ” ಎಂದು ಮೂರು ಭಾಷೆಯಲ್ಲಿ ಅವರ ಬಾಯಿ ಮುಚ್ಚಿಸಿದಳು.

ಯುಗಾದಿಗೆ ಮುಂಚೆಯೇ ಅವರು ಗ್ರೂಪಿಗೆ ವಿದಾಯ ಹೇಳಿಯಾಗಿತ್ತು. ವರ್ಗವಾಗಿ ಹೋಗುವ ಅಧಿಕಾರಿಯ ಹಾಗೆ ಉದ್ದಕ್ಕೆ ಬರೆದಿದ್ದರು: ಇಷ್ಟು ದಿನ ಸಹಕರಿಸಿದ ಎಲ್ಲರಿಗೂ ವಂದನೆಗಳು, ನಾಳೆಯಿಂದ ಈ ಆ್ಯಪಿನಲ್ಲಿ ಲಭ್ಯನಿರುವುದಿಲ್ಲ. ಯಾರಾದರೂ ‘ಹೋಗಬೇಡಿ’ ಅನ್ನುತ್ತಾರೆಂದು ಕಾದಿದ್ದರು ಎಂದು ಈಗ ನನಗೆ ಅನ್ನಿಸುತ್ತದೆ. ನಾವೆಲ್ಲ ಕೈಮುಗಿಯುವ ಚಿತ್ರ ಹಾಕಿದೆವು. ಭಾಸ್ಕರಣ್ಣ ಹೆಬ್ಬೆರಳು ಎತ್ತಿ ತೋರಿಸುವ ಚಿತ್ರ ಹಾಕಿದರು. ಆ ಹೆಬ್ಬೆರಳು ನೋಡಿಯೇ ಸಂಜೀವಣ್ಣ ಅವತ್ತೇ ವಾಟ್ಸಾಪನ್ನು ಫೋನಿನಿಂದ ಕಿತ್ತು ಹಾಕಿದ್ದು.

ಇಷ್ಟಾದರೂ ಭಾಸ್ಕರಣ್ಣ ಫೋಟೋ ಕಳಿಸುವುದನ್ನು ಬಿಡಲಿಲ್ಲ ನೋಡಿ! ಬಂಗುಡೆ ಕಂಡ ದಿನವೆಲ್ಲ ಕಿವಿರು ಎತ್ತಿ, ಫೋಟೋ ತೆಗೆದು, ಅದೇ ವಾಟ್ಸಾಪಿಗೆ. ಒಂದು ದಿನ ಮೆಟ್ರೋ ಸ್ಟೇಷನ್ನಿನ ಹೊರಗೆ ನನ್ನನ್ನು ನಿಲ್ಲಿಸಿ ಫೋನು ತೋರಿಸಿದರು. ಸಾಲಾಗಿ ಮೀನು. ಪ್ರತಿಯೊಂದರ ಕೆಳಗೂ ಒಂದೇ ಗೆರೆ.

“ಇವ ನನ್ನನ್ನು ಬ್ಲಾಕ್ ಮಾಡಿದ್ದಾನಾ?”

“ಬ್ಲಾಕೂ ಇಲ್ಲ ಏನೂ ಇಲ್ಲ. ಗ್ರೂಪಿನಲ್ಲಿ ಬರೆದದ್ದು ಬರೀ ಮಾತಲ್ಲ, ಅವರು ವಾಟ್ಸಾಪನ್ನೇ ತೆಗೆದು ಹಾಕಿದ್ದಾರೆ ಭಾಸ್ಕರಣ್ಣ. ಒಂದು ಫೋನ್ ಮಾಡಿಬಿಡಿ, ಮುಗಿದೋಗುತ್ತೆ.”

“ಫೋನಿನಲ್ಲಿ ಎಂತ ಹೇಳುದು? ಬಂಗುಡೆ ಬಂದಿದೆ ಅಂತ ಬಾಯಲ್ಲಿ ಹೇಳಿದ್ರೆ ಅವ ನಂಬ್ತಾನಾ? ಕಿವಿರು ನೋಡ್ಬೇಕಲ್ಲ.”

ಮನೆಗೆ ಬಂದವಳೇ ಸಂಜೀವಣ್ಣನ ಬಾಗಿಲು ತಟ್ಟಿ ಹೇಳಿದೆ. ಅವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. “ಈಗ್ಲೂ ಕಳಿಸ್ತಾನಾ?” ಎಂದು ಎರಡು ಸಲ ಕೇಳಿದರು.

“ಕಳಿಸ್ತಾರೆ. ತನ್ನಿ ಫೋನು, ಈಗಲೇ ಮತ್ತೆ ಹಾಕಿಕೊಡ್ತೀನಿ.”

“ಈಗ ಬೇಡ. ಈಗ ಹಾಕಿದ್ರೆ ನಾನೇ ಸೋತು ಬಂದ ಹಾಗೆ ಆಗ್ತದೆ. ಕಳಿಸ್ಲಿ ಅವ. ಹಾಕಿದ್ದು ಎಲ್ಲಿಗೆ ಹೋಗ್ತದೆ? ನನ್ನ ಹೆಸರಿನಲ್ಲಿ ಜಮೆ ಆಗಿರ್ತದೆ. ಒಂದು ದಿನ ಒಟ್ಟಿಗೆ ತೆಗೆದು ನೋಡುವ.”

ಬ್ಯಾಂಕಿನವರ ನಂಬಿಕೆ ಅದು. ಒಬ್ಬರು ತಮ್ಮ ಹೆಸರಿಗೆ ಹಾಕಿದ್ದು, ತಾವು ಹೋಗಿ ತೆಗೆಯುವ ತನಕ ಎಲ್ಲೋ ಭದ್ರವಾಗಿ ಕೂತಿರುತ್ತದೆ ಎಂದೇ ಅವರು ತಿಳಿದದ್ದು. ಹಾಗಲ್ಲವೆಂದು ನನಗೂ ಆಗ ಗೊತ್ತಿರಲಿಲ್ಲ.

ಬೇಸಿಗೆ ಬಂತು. ಮೀನು ಮರಿ ಮಾಡುವ ಕಾಲವೆಂದು ದೋಣಿಗಳನ್ನು ಸಮುದ್ರಕ್ಕೆ ಬಿಡುವುದಿಲ್ಲ. ಬಜಾರಿನಲ್ಲಿ ಬಂಗುಡೆಯ ಸುದ್ದಿಯೇ ಇಲ್ಲ, ಹಾಗಾಗಿ ಫೋಟೋವೂ ಇಲ್ಲ. ಅಷ್ಟರಲ್ಲಿ ಸಂಜೀವಣ್ಣ ಮೆತ್ತಗಾಗಿದ್ದರು. “ದೋಣಿ ಇಳೀಲಿ. ಮೊದಲ ಬಂಗುಡೆ ಬಂದ ದಿನ ಹಾಕಿಸಿಕೊಳ್ತೇನೆ. ಆ ಬಂಗುಡೆ ತಕ್ಕೊಂಡು ಸೀದಾ ಅವನ ಮನೆಗೇ ಹೋಗ್ತೇನೆ” ಎಂದು ನನ್ನೆದುರು ಹೇಳಿದರು. ಎದ್ದು ಮೆಟ್ರೋ ಹತ್ತಿದರೆ ಎರಡು ಸ್ಟೇಷನ್. ಹೋಗಲಿಲ್ಲ ಪುಣ್ಯಾತ್ಮ.

ದೋಣಿ ಇಳಿಯುವ ಮುಂಚೆಯೇ ಭಾಸ್ಕರಣ್ಣ ಹೋಗಿಬಿಟ್ಟರು. ಬೆಳಿಗ್ಗೆ ಚಹಾ ಕುಡಿದು ಪೇಪರು ಹಿಡಿದವರು ಎದೆ ಒತ್ತಿಕೊಂಡು ಹಾಗೇ ಒರಗಿದರಂತೆ. ಸಂಜೀವಣ್ಣ ಹೆಗಲು ಕೊಟ್ಟರು, ಸುಡುಗಾಡಿನ ತನಕ ಹೋದರು. ಮರುದಿನ ಸಂಜೆ ನಮ್ಮ ಮನೆಗೆ ಬಂದು ಫೋನನ್ನು ಮೇಜಿನ ಮೇಲಿಟ್ಟರು.

“ಹಾಕು ಮಾರಾಯ್ತಿ. ಅವ ಕಳಿಸಿದ್ದೆಲ್ಲ ಬರ್ಲಿ.”

ಹಾಕಿಕೊಟ್ಟೆ. ನಂಬರು ಕೇಳಿತು, ಕೊಟ್ಟೆವು. ಗ್ರೂಪಿನ ಹೊಸ ಗದ್ದಲವೆಲ್ಲ ದಬದಬ ಬಂದು ಬಿತ್ತು. ಯಾರದೋ ಹುಟ್ಟುಹಬ್ಬ, ಭಾಸ್ಕರಣ್ಣನಿಗೆ ಶ್ರದ್ಧಾಂಜಲಿ. ಭಾಸ್ಕರಣ್ಣನ ಹೆಸರು ಒತ್ತಿದರೆ ಖಾಲಿ. ಸಂಜೀವಣ್ಣ ಎರಡೂ ಅಂಗೈಯಲ್ಲಿ ಫೋನು ಹಿಡಿದು ಕೂತರು. “ತುಂಬ ಉಂಟಲ್ಲ, ತಡ ಆಗ್ತದೆ” ಎಂದರು. ನಾನು ಕಾಫಿ ಮಾಡಿ ತಂದೆ. ಅದು ಆರಿತು. ಕೊನೆಗೆ ನನ್ನ ಮಗಳೇ ಹುಡುಕಿ ಓದಿ ಹೇಳಿದಳು: ತಲುಪದ ಮೆಸೇಜನ್ನು ಒಂದು ತಿಂಗಳು ಇಟ್ಟುಕೊಂಡಿರುತ್ತಾರಂತೆ, ಆಮೇಲೆ ಅಳಿಸಿಬಿಡುತ್ತಾರಂತೆ.

“ಅಳಿಸುದಾ? ನನ್ನನ್ನು ಕೇಳದೆ?” ಎಂದರು ಸಂಜೀವಣ್ಣ. ಆ ವಯಸ್ಸಾದ ಮುಖದಲ್ಲಿ ಅಂಥ ಗಾಬರಿಯನ್ನು ನಾನು ಹಿಂದೆ ನೋಡಿರಲಿಲ್ಲ. ನನಗೆ ಎಲ್ಲರ ಮೇಲೂ ಕೋಪ ಬಂತು, ಸತ್ತವರ ಮೇಲೂ.

ಹದಿಮೂರನೆಯ ದಿನದ ಊಟಕ್ಕೆ ಹೋದಾಗ ಲೀಲಕ್ಕ ಗಂಡನ ಫೋನು ತಂದು ಅವರ ಮುಂದೆ ಹಿಡಿದರು. “ಇದ್ರಲ್ಲಿ ಎಲ್ಲ ಉಂಟು ಸಂಜೀವಣ್ಣ, ನೋಡಿ. ಬೇಕಾದ್ರೆ ನಿಮ್ಗೆ ಫಾರ್ವರ್ಡ್ ಮಾಡ್ತೇನೆ.” ಅವರು ಒಂದೊಂದನ್ನೇ ಬೆರಳಿನಿಂದ ಸರಿಸಿ ಕೊನೆಯ ತನಕ ನೋಡಿದರು. ಆಮೇಲೆ ಫೋನನ್ನು ಮೆಲ್ಲಗೆ ವಾಪಸು ಕೊಟ್ಟರು.

“ಫಾರ್ವರ್ಡ್ ಬೇಡ ಲೀಲಕ್ಕ. ಹಾಗೆ ಮಾಡಿದ್ರೆ ಅದು ನೀವು ಕಳಿಸಿದ್ದಾಗ್ತದೆ. ಅವ ಕಳಿಸಿದ್ದು ನಂಗೆ ಬರ್ಲಿಲ್ಲ.”

ಆ ವರ್ಷ ಮಳೆ ಹಿಡಿದ ಮೇಲೆ ಬಜಾರಿಗೆ ಬಂಗುಡೆ ಬಂತಂತೆ. ಮೀನು ಮಾರುವವನು ನನ್ನನ್ನು ಬೀದಿಯಲ್ಲಿ ಕಂಡು, ಫೋಟೋ ದಾದಾ ಯಾಕೆ ಬರುತ್ತಿಲ್ಲ, ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸಿದ. ಮನೆಯಲ್ಲೇ ಇದ್ದಾರೆ ಎಂದೆ. ದುರ್ಗಾ ಪುಜೋ ಮುಗಿದ ಮೇಲೆ ಮಗ ಬಂದು ಸಾಲ್ಟ್ ಲೇಕಿಗೆ ಕರೆದುಕೊಂಡು ಹೋದ. ಅವರು ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಜಗಳವಾಡಲು ಏನಾದರೂ ಸಿಗುತ್ತದೇನೋ ಎಂದು ಹುಡುಕಿದೆ, ಏನೂ ಸಿಗಲಿಲ್ಲ.

ನನ್ನ ಕಚೇರಿಯೂ ಸಾಲ್ಟ್ ಲೇಕಿನಲ್ಲೇ. ಚಳಿ ಮುಗಿಯುತ್ತಿದ್ದ ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಅವರು ಸಿಕ್ಕಿದರು. ಸುಮ್ಮನೆ ವಾಕಿಂಗಿಗೆ ಬಂದವರು. ತುಂಬ ಇಳಿದುಹೋಗಿದ್ದರು. ಅದಾಗಿ ಕೆಲವೇ ವಾರಗಳಲ್ಲಿ ಅವರೂ ತೀರಿಕೊಂಡರು, ಆದರೆ ಅವತ್ತು ನನಗೆ ಅದು ಹೊಳೆಯಲಿಲ್ಲ. ನಗಿಸಬೇಕೆಂದು ಹಳೆಯ ಧಾಟಿಯಲ್ಲೇ ಕೇಳಿದೆ, “ಏನ್ರೀ ಸಂಜೀವಣ್ಣ, ಈಗ ಯಾವ ಆ್ಯಪಿನಲ್ಲಿದ್ದೀರಿ? ನಾವು ನಿಮ್ಮನ್ನ ಎಲ್ಲಿ ಅಂತ ಹುಡುಕೋದು?”

ಅವರು ಅಂಗಿಯ ಜೇಬಿನಲ್ಲಿದ್ದ ಫೋನಿನ ಮೇಲೆ ಕೈಯಿಟ್ಟುಕೊಂಡು, ಬರುತ್ತಿದ್ದ ನನ್ನ ಬಸ್ಸನ್ನೇ ನೋಡಿದರು.

“ಎಲ್ಲದರಲ್ಲೂ ಇದ್ದೇನೆ ಮಾರಾಯ್ತಿ. ಮಗ ಎಲ್ಲವನ್ನೂ ಹಾಕಿ ಕೊಟ್ಟಿದ್ದಾನೆ. ಯಾವುದರಲ್ಲಿ ಕಳಿಸಿದ್ರೂ ಬರ್ತದೆ. ಕಳಿಸುವವ ಇಲ್ಲ, ಅಷ್ಟೇ.”