ಹಿಂದಿನ ಸೀಟಿನ ರಾಜಮರ್ಯಾದೆ

ಆವನಿ ರಸ್ತೆಯ ಏರಿನಲ್ಲಿ ನಮ್ಮ ಪುಟ್ಟ ಸ್ಪೋರ್ಟ್ಸ್ ಕಾರನ್ನು ತಡೆದ ಪೇದೆ, ಹಿಂದಿನ ಸೀಟಿನಲ್ಲಿದ್ದ ಕಂಬಳಿಯನ್ನು ರಾಗಿ ಮೂಟೆಯೆಂದು ತಿಳಿದು ಲಾಠಿಯಿಂದ ತಿವಿದ.

"ಏಮ್ರಾ, ಕಣ್ ಕಾಣ್ಸಲ್ವಾ?" ಎಂದು ಕಂಬಳಿಯೊಳಗಿಂದ ನಮ್ಮತ್ತೆ ಎದ್ದು ಕೂತರು. ಧೂಳಿಗೆಂದು ಮುಸುಕು ಹಾಕಿಕೊಂಡಿದ್ದರು, ಅಷ್ಟೆ.

ಯುದ್ಧದ ಕಾಲ, ಧಾನ್ಯಕ್ಕೆಲ್ಲ ಸರ್ಕಾರದ ಕಟ್ಟುಪಾಡು. ಒಂದು ಮೂಟೆ ರಾಗಿ ಸಾಗಿಸಿದರೂ ಹಿಡಿಯುತ್ತಿದ್ದರು. ಪೇದೆ ಅತ್ತೆಯನ್ನು ಇಳಿಸಿ ಸೀಟಿನಡಿಯೆಲ್ಲ ಹುಡುಕಿದ. ಏನೂ ಸಿಗದೆ, ಹಿಂದೆ ಬಂದ ಎತ್ತಿನ ಗಾಡಿಗೆ ದಾರಿ ಬಿಡಲು ಕಾರನ್ನು ಮುಂದಕ್ಕೆ ತೆಗೆಯಲು ಹೇಳಿದ. ನಮ್ಮ ಯಜಮಾನರು ಇಂಜಿನ್ ರೊಯ್ಯೆನಿಸಿದರು. ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗಿ ಪೇದೆಯ ಮುಖಕ್ಕೆ ಮಣ್ಣೆರಚಿದವು. ಕಾರು ಕದಲಲಿಲ್ಲ.

ಪೇದೆ ಗದರಿದಾಗ ಯಜಮಾನರು ನಿಜ ಒದರಿಬಿಟ್ಟರು. ಮನೆಯ ಹಿತ್ತಲಲ್ಲಿ ಅವರೇ ಈ ಕಾರಿಗೆ ಲಾರಿಯ ಹಳೇ ಇಂಜಿನ್ ಕೂರಿಸಿದ್ದರು. ಮೂತಿ ಭಾರವಾಗಿ ಹಿಂಭಾಗ ತೀರಾ ಹಗುರಾಗಿಬಿಟ್ಟಿತ್ತು.

"ಹಿಂದೆ ಭಾರ ಬೇಕು ಸ್ವಾಮಿ. ರಾಗಿ ಮೂಟೆ ಇಟ್ರೆ ನೀವು ಹಿಡೀತೀರ. ಅದಕ್ಕೇ ಅಮ್ಮನ್ನ ಕೂರಿಸ್ಕೊಂಡು ಬರ್ತೀನಿ."

ಮಗ ತನ್ನನ್ನು ರಾಣಿಯ ಹಾಗೆ ಮೆರೆಸುತ್ತಾನೆಂದು ಮುಳಬಾಗಿಲಿಗೆಲ್ಲ ಸಾರಿಕೊಂಡು ಬಂದಿದ್ದ ಅತ್ತೆ ಮಗನತ್ತ ತಿರುಗಿ ದುರುಗುಟ್ಟಿದರು. ನಾನು ಸೆರಗಿನಲ್ಲಿ ನಗು ಮುಚ್ಚಿಕೊಂಡೆ. ಇನ್ನು ನಾವು ಆವನಿ ಸೇರಿದ ಹಾಗೇ ಅಂದುಕೊಳ್ಳುವಷ್ಟರಲ್ಲಿ, ಅತ್ತೆ ಕಂಬಳಿ ಕೊಡವಿ, ಗತ್ತಿನಿಂದ ಮತ್ತೆ ಹತ್ತಿ ಕೂತರು.

ಅಂದಿನಿಂದ ಕಾರು ಅವರು ಹೇಳಿದ ಕಡೆಗೇ ಹೋಗತೊಡಗಿತು. ಮಗ ಒಲ್ಲೆನೆಂದರೆ ಇಳಿದೇಬಿಡುತ್ತಿದ್ದರು. ಊಟಕ್ಕೆ ಕೂತಾಗ ಒಂದು ಮುದ್ದೆ ಹೆಚ್ಚಿಗೆ ಹಾಕಿಸಿಕೊಂಡು ಮಗನ ಮುಖ ನೋಡಿ ಹೇಳುತ್ತಿದ್ದರು: "ಇದು ನಂಗಲ್ಲ ಕಣೋ, ನಿನ್ ಕಾರಿಗೆ."