ಫ್ಯಾಕ್ಸಣ್ಣನೂ ನನ್ನ ಎಡಗಣ್ಣೂ

ನನ್ನ ಗಂಡನನ್ನು ಡಿಪೋದಲ್ಲಿ ಎಲ್ಲರೂ ಕರೆಯುವುದು ಫ್ಯಾಕ್ಸಣ್ಣ ಎಂದು. ತಮಾಷೆಗೆ ಇಟ್ಟ ಹೆಸರನ್ನು ಇವರು ಬಿರುದಿನಂತೆ ಹೊತ್ತುಕೊಂಡರು. ಔಷಧಿ ಡಿಪೋ ಅದು. ಆಸ್ಪತ್ರೆಗಳಿಂದ, ಅಂಗಡಿಗಳಿಂದ ಆರ್ಡರ್ ಬರುತ್ತದೆ, ಇಲ್ಲಿಂದ ಪೆಟ್ಟಿಗೆಗಳು ಹೋಗುತ್ತವೆ. ಇವರು ಸೇರಿದ್ದು ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸಕ್ಕೆ. ಆಮೇಲೊಂದು ದಿನ ಫ್ಯಾಕ್ಸ್ ಮಷೀನು ಬಂತು. ಮುಟ್ಟಿ ಕೆಟ್ಟುಹೋದರೆ ತಮ್ಮ ತಲೆಗೆ ಬರುತ್ತದೆಂದು ಒಬ್ಬರೂ ಹತ್ತಿರ ಸುಳಿಯಲಿಲ್ಲ. ಇವರು ಹೋದರು. ಅವತ್ತು ಹೋದವರು ಇವತ್ತಿನವರೆಗೂ ವಾಪಸು ಬಂದಿಲ್ಲ.

ಬೆಳಿಗ್ಗೆ ಹೋದೊಡನೆ ಮೆತ್ತನೆಯ ಬಟ್ಟೆಯಿಂದ ಅದನ್ನು ಒರೆಸುತ್ತಾರೆ. ಆ ಬಟ್ಟೆಯೂ ನನ್ನದೇ, ನನ್ನ ಹೊಲಿಗೆಯ ತುಂಡುಗಳಲ್ಲಿ ಒಳ್ಳೆಯದನ್ನೇ ಆರಿಸಿ ಒಯ್ದದ್ದು. ಹಾಳೆಯನ್ನು ಬರಹ ಕೆಳಗೆ ಮಾಡಿ ಇಡುತ್ತಾರೆ, ಅಂಗೈಯಿಂದ ಒಮ್ಮೆ ಸವರುತ್ತಾರೆ, ಗುಂಡಿ ಒತ್ತುತ್ತಾರೆ. ಆಮೇಲೆ ಆ ಕಡೆಯವರಿಗೆ ಫೋನು ಮಾಡಿ “ಬಂತಾ?” ಎಂದು ಕೇಳುತ್ತಾರೆ. “ಬಂತು” ಅನ್ನುವ ತನಕ ಚಹಾ ಮುಟ್ಟುವುದಿಲ್ಲ. ಇದನ್ನೆಲ್ಲ ಒಮ್ಮೆ ಕಣ್ಣಾರೆ ನೋಡಿ ಬಂದ ನನ್ನ ನಾದಿನಿ, “ಅತ್ತಿಗೆ, ನಮ್ಮಣ್ಣ ನಿನ್ನ ಮುಖಾನ ಯಾವತ್ತಾದ್ರೂ ಅಷ್ಟು ನಯವಾಗಿ ಒರೆಸಿದಾನಾ?” ಎಂದು ಕೇಳಿದಳು. ನಗು ಬಂತು, ಹೊಟ್ಟೆಯೂ ಉರಿಯಿತು.

ಹೊಸ ಮ್ಯಾನೇಜರ್ ಬಂದ ಮೇಲೆ ಆ ಮಷೀನನ್ನು ಒಳಗಿನ ಮೇಜಿನಿಂದ ಎತ್ತಿಸಿ ಕಕ್ಕಸಿಗೆ ಹೋಗುವ ಓಣಿಯಲ್ಲಿ ಇಡಿಸಿದರು. ಈ ಕಾಲದಲ್ಲಿ ಆಫೀಸಿಗೆ ಫ್ಯಾಕ್ಸ್ ಯಾಕೆ ಎಂಬುದು ಅವರ ಮಾತು. ಅದಕ್ಕೆ ಇವರು ಕೊಡಬೇಕಿದ್ದ ಜವಾಬನ್ನೆಲ್ಲ ಕೇಳಿದ್ದು ಮಾತ್ರ ನಾನು.

“ಕಂಪ್ಯೂಟರಲ್ಲಿ ಕಳಿಸಿದ್ದನ್ನ ಯಾರು ಬೇಕಾದ್ರೂ ತಿದ್ದಬಹುದು ಕಣೇ. ಫ್ಯಾಕ್ಸ್ ಅಂದ್ರೆ ಸಹಿ, ಸೀಲು, ಎಲ್ಲಾ ಇದ್ದ ಹಾಗೇ ಹೋಗುತ್ತೆ.”

“ಅದನ್ನ ಮ್ಯಾನೇಜರ್ ಹತ್ರ ಹೇಳ್ರೀ. ನನ್ನ ಕಿವಿ ಯಾಕೆ ತಿಂತೀರಾ?”

“ಅವರಿಗೆ ಹೇಳಿದ್ರೆ ಅರ್ಥ ಆಗಲ್ಲ.”

“ನನಗೆ ಮಾತ್ರ ಭಾಳ ಅರ್ಥ ಆಗ್ತಿದೆ ನೋಡಿ!”

ನನ್ನ ಕಸುಬು ಹೊಲಿಗೆ. ಶಾಲೆಯ ಸಮವಸ್ತ್ರ, ಕಿಟಕಿ ಪರದೆ, ದಿಂಬಿನ ಗವಸು, ಏನು ಬಂದರೂ ಸರಿ. ಬಲಗಣ್ಣು ಹುಟ್ಟಿನಿಂದಲೇ ಮಂದ. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಎಲ್ಲವೂ ಎಡಗಣ್ಣಿನ ದಯೆ. ಆ ಎಡಗಣ್ಣಿನ ಮೂಲೆಯಲ್ಲಿ ಒಂದು ಬೆಳಿಗ್ಗೆ ಕಪ್ಪು ನೆರಳೊಂದು ಬಂದು ನಿಂತಿತು. ಉಜ್ಜಿದೆ, ನೀರು ಹಾಕಿದೆ, ಹೋಗಲಿಲ್ಲ. ಮಾರನೆಯ ದಿನ ಅದು ಇನ್ನಷ್ಟು ಒಳಗೆ ಸರಿದಿತ್ತು. ಜೀವ ಬಾಯಿಗೆ ಬಂತು. ಇವರು ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ ಸುತ್ತಿಬಳಸದೆ ಹೇಳಿದರು. “ಕಣ್ಣಿನ ಒಳಪದರ ಕಳಚಿಕೊಳ್ತಾ ಇದೆ ಅಮ್ಮ. ನಡುಭಾಗ ಇನ್ನೂ ಗಟ್ಟಿ ಇದೆ. ಅದೂ ಕಳಚೋ ಮೊದಲು, ಇವತ್ತೇ ಆಪರೇಷನ್ ಆಗಬೇಕು. ಸಂಜೆ ನಾನು ಬೇರೆ ಆಸ್ಪತ್ರೆಗೆ ಹೋಗ್ತೀನಿ. ಅಷ್ಟರೊಳಗೆ ವಿಮೆಯವರ ಒಪ್ಪಿಗೆ ತರಿಸಿಬಿಡಿ.”

ಕೈಯಿಂದ ದುಡ್ಡು ಹಾಕಿ ಮಾಡಿಸೋಣವೆಂದರೆ ನಮಗೆ ಎಟುಕುವ ಮಾತಲ್ಲ. ಡಿಪೋದ ಕಡೆಯಿಂದ ವಿಮೆ ಇತ್ತು. ಆ ವಿಮೆ ಕಚೇರಿಯವರ ನಿಯಮ ಏನು ಗೊತ್ತೇ? ಡಾಕ್ಟರ ಸಹಿ, ಆಸ್ಪತ್ರೆಯ ಸೀಲು ಇರುವ ಕಾಗದ ಫ್ಯಾಕ್ಸಿನಲ್ಲೇ ಬರಬೇಕು. ಬೇರೆ ಯಾವ ದಾರಿಯಲ್ಲಿ ಕಳಿಸಿದರೂ ನಡೆಯುವುದಿಲ್ಲ. ಇದನ್ನು ಕೇಳಿದ್ದೇ ತಡ, ನನ್ನ ಗಂಡನ ಎದೆ ಉಬ್ಬಿತು. ಹೆಂಡತಿಯ ಕಣ್ಣು ಹೋಗುವ ಹೊತ್ತಿನಲ್ಲೂ!

“ನೋಡಿದೆಯಾ? ಫ್ಯಾಕ್ಸ್ ಸತ್ತೋಯ್ತು ಅಂದೋರು ಎಲ್ಲಿದಾರೆ ಈಗ?”

“ಮೊದಲು ಕಳಿಸ್ರೀ!”

ಆಸ್ಪತ್ರೆಯ ಕೌಂಟರಿನಲ್ಲಿ ಕೂತಿದ್ದ ಹೆಂಗಸು ಕಾಗದಕ್ಕೆ ಕೈ ಚಾಚಿದಳು. ಇವರು ಕೊಡಲಿಲ್ಲ. “ಬಿಡಮ್ಮ, ನನ್ನ ಆಯುಸ್ಸೆಲ್ಲ ಇದರಲ್ಲೇ ಕಳೆದಿದೀನಿ” ಎಂದು ತಾವೇ ಒಳಗೆ ನುಗ್ಗಿದರು. ಅವಳು ಏನೋ ಹೇಳಲು ಬಂದಳು. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಹಾಳೆ ಇಟ್ಟರು, ಸವರಿದರು, ಗುಂಡಿ ಒತ್ತಿದರು. ಸರಿಯಾಗಿ ಹೋಗಿದೆ ಎಂದು ಮಷೀನು ಚೀಟಿಯನ್ನೂ ಕೊಟ್ಟಿತು. ವಿಮೆ ಕಚೇರಿಗೆ ಫೋನು ಮಾಡಿದರು. “ಬಂತಾ?” “ಬಂತು ಸಾರ್, ಎರಡು ಹಾಳೆ.” ಅಷ್ಟಾದ ಮೇಲೆ ಚಹಾ ಕುಡಿಯಲು ಹೋದರು.

ನಾನು ಆಸ್ಪತ್ರೆಯ ಗೌನು ತೊಟ್ಟು, ಖಾಲಿ ಹೊಟ್ಟೆಯಲ್ಲಿ ಮಂಚದ ಮೇಲೆ ಕೂತೆ. ಕೈಗೆ ಸೂಜಿ ಚುಚ್ಚಿ ಪಟ್ಟಿ ಹಾಕಿದ್ದರು. ನರ್ಸು ಆಗಾಗ ಬಂದು ಇಣುಕಿ, “ಒಪ್ಪಿಗೆ ಬಂತಾ?” ಎಂದು ಕೇಳುವಳು. ನಾನು ಇವರ ಮುಖ ನೋಡುವೆ. ಇವರು, “ಅವರಿಗೆ ತಲುಪಿದೆ ಸಿಸ್ಟರ್, ಯಾವ ಕ್ಷಣದಲ್ಲಾದ್ರೂ ಬರುತ್ತೆ” ಎನ್ನುವರು. ಮಧ್ಯಾಹ್ನ ಆಯಿತು. ಮಧ್ಯಾಹ್ನ ಕಳೆಯಿತು. ಇನ್ನೊಂದು ಸಲ ಫೋನು ಮಾಡಿ ಎಂದು ಗೋಗರೆದೆ. “ತಲುಪಿದೆ ಅಂದಿದಾರಲ್ಲ, ಪದೇ ಪದೇ ಮಾಡಿದ್ರೆ ಅವರಿಗೆ ಸಿಟ್ಟು ಬರುತ್ತೆ” ಎಂದರು. ಅವರ ಸಿಟ್ಟಿನ ಚಿಂತೆ ಇವರಿಗೆ! ನನ್ನ ಪಿತ್ತ ನೆತ್ತಿಗೇರಿತು. ಫೋನನ್ನು ಕಿತ್ತುಕೊಂಡು ನಾನೇ ಮಾಡಿದೆ.

“ಬೆಳಿಗ್ಗೆ ಬಂದ ಆ ಎರಡು ಹಾಳೆನಾ? ಅವು ಖಾಲಿ ಇದಾವಲ್ಲ ಮೇಡಂ” ಎಂದಿತು ಆ ಕಡೆಯ ಹೆಣ್ಣುದನಿ.

“ಖಾಲಿನಾ? ಖಾಲಿ ಅಂತ ಒಂದು ಫೋನ್ ಮಾಡಿ ಹೇಳೋಕಾಗಲ್ವಾ?”

“ಖಾಲಿ ಹಾಳೇಲಿ ಯಾರ ನಂಬರ್ ಇರುತ್ತೆ ಮೇಡಂ, ಮಾಡೋಕೆ?”

ಇವರು ಓಡಿಹೋಗಿ ಕೌಂಟರಿನ ಮುಂದೆ ನಿಂತರು, ನಾನು ಗೌನಿನಲ್ಲೇ ಹಿಂದೆ ಹೋದೆ. ಆ ಹೆಂಗಸು ಮಷೀನಿನ ಮೇಲಿದ್ದ ಚಿಕ್ಕ ಚಿತ್ರವನ್ನು ಬೆರಳಿಟ್ಟು ತೋರಿಸಿದಳು. “ಈ ಮಷೀನಿಗೆ ಬರಹ ಮೇಲೆ ಇರಬೇಕು ಸಾರ್. ಹೇಳೋಕೆ ಬಂದೆ, ನೀವು ಬಾಯಿ ಬಿಡೋಕೆ ಬಿಡಲಿಲ್ಲ.”

ಇವರು ಡಿಪೋದಲ್ಲಿ ಇಡುವ ಹಾಗೆಯೇ ಇಟ್ಟಿದ್ದರು. ಹಾಳೆಯ ಬೆನ್ನು ಹೋಗಿತ್ತು, ಮುಖ ಇಲ್ಲೇ ಉಳಿದಿತ್ತು. ಆ ಕಡೆಯವರು ಹಾಳೆ ಎಣಿಸಿ ‘ಬಂತು’ ಅಂದಿದ್ದರು, ತಿರುಗಿಸಿ ನೋಡಿರಲಿಲ್ಲ.

ಮತ್ತೆ ಕಳಿಸಿದರೆ ಆ ಕಡೆ ಲೈನು ಬಿಡುವಿಲ್ಲ. ಕೀ ಕೀ ಎಂದು ಅರಚಿ ಮಷೀನು ಸುಮ್ಮನಾಗುವುದು, ಇವರು ಮತ್ತೆ ಒತ್ತುವರು. ಕೊನೆಗೆ ಮತ್ತೆ ಫೋನು ಮಾಡಿದಾಗ ವಿಮೆ ಕಚೇರಿಯ ಅದೇ ಹೆಣ್ಣುಮಗಳು ಮರುಕದಿಂದ ದನಿ ತಗ್ಗಿಸಿ ಹೇಳಿದಳು. “ಮೇಡಂ, ಕಾಗದದ ಫೋಟೋ ತೆಗೆದು ನನ್ನ ಸ್ವಂತ ಫೋನಿಗೆ ಕಳಿಸಿ. ನಾನು ಪ್ರಿಂಟ್ ತೆಗೆದು ಫ್ಯಾಕ್ಸ್ ಟ್ರೇನಲ್ಲಿ ಇಟ್ಟುಬಿಡ್ತೀನಿ. ಫ್ಯಾಕ್ಸಲ್ಲಿ ಬಂದ ಲೆಕ್ಕಾನೇ ಆಗುತ್ತೆ.”

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬೆಳಿಗ್ಗೆಯೇ ಇದನ್ನು ಹೇಳಲು ಆ ವಿಮೆಯವರಿಗೆ ಏನು ದಾಡಿಯಾಗಿತ್ತು? ಒಪ್ಪಿಗೆ ಬಂದಾಗ ಡಾಕ್ಟರ ಕಾರು ಗೇಟು ದಾಟಿ ಹೋಗಿತ್ತು. ನಾನು ಅಲ್ಲೇ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಹೋಗಿಬರುವವರ ಮುಂದೆಯೇ, ಬಾಯಿಗೆ ಬಂದಂತೆ ಬೈದೆ. ಗಂಡನನ್ನು, ಮಷೀನನ್ನು, ವಿಮೆಯವರನ್ನು, ಯಾರನ್ನೂ ಬಿಡಲಿಲ್ಲ. ಇವರು ತಲೆ ತಗ್ಗಿಸಿ ನಿಂತಿದ್ದರು. ಒಂದು ಮಾತಾದರೂ ಎದುರಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಆಪರೇಷನ್ ಮಾರನೆಯ ದಿನ ಆಯಿತು. ರಾತ್ರಿ ಕಳೆಯುವಷ್ಟರಲ್ಲಿ ನೆರಳು ಕಣ್ಣಿನ ನಡುವಿಗೇ ಬಂದಿತ್ತು. ಒಳಗೆ ಗಾಳಿ ತುಂಬಿದ್ದೇವೆ, ವಾರಗಟ್ಟಲೆ ಮುಖ ಕೆಳಗೆ ಮಾಡಿಯೇ ಮಲಗಬೇಕು ಎಂದರು. “ನನ್ನನ್ನೂ ಬರಹ ಕೆಳಗೆ ಮಾಡಿ ಇಟ್ಟುಬಿಟ್ಟರು” ಎಂದು ನಾದಿನಿಗೆ ಹೇಳಿದೆ. ಅವಳು ನಕ್ಕಳು. ಬಾಗಿಲಲ್ಲಿದ್ದ ಇವರು ಹೊರಗೆ ಹೋದ ಹೆಜ್ಜೆಸದ್ದು ಕೇಳಿತು.

ಆಮೇಲೆ ಇವರು ಫ್ಯಾಕ್ಸಿನ ಸುದ್ದಿ ಎತ್ತಿದ್ದೇ ಇಲ್ಲ. ಮಷೀನು ತೆಗೆಯೋಣವೇ ಎಂದು ಮ್ಯಾನೇಜರ್ ಕೇಳಿದ್ದಕ್ಕೆ “ನಿಮ್ಮಿಷ್ಟ ಸಾರ್” ಅಂದರಂತೆ. ಕೇಳಿ ನನಗೆ ಮೈ ಉರಿಯಿತು. ಇಷ್ಟು ವರ್ಷ ನನ್ನ ತಲೆ ತಿಂದು ಈಗ ನಿಮ್ಮಿಷ್ಟ ಅಂತೆ! ಅಷ್ಟಾಗಿಯೂ ಆ ಮಷೀನು ಹೋಗಲಿಲ್ಲ. ದೊಡ್ಡ ಆಸ್ಪತ್ರೆಯೊಂದು ಇನ್ನೂ ಫ್ಯಾಕ್ಸಿನಲ್ಲೇ ಆರ್ಡರ್ ಕಳಿಸುತ್ತದೆ, ಬೇರೆ ರೀತಿಯಲ್ಲಿ ಕಳಿಸಲು ಅವರು ಒಪ್ಪುವುದಿಲ್ಲ. ಫ್ಯಾಕ್ಸಿನ ಮಾತು ನಿಂತರೆ ಪೀಡೆ ತೊಲಗಿತು ಎಂದುಕೊಂಡಿದ್ದೆ. ಮನೆಗೆ ಬಂದರೆ ಇವರು ಎಲ್ಲೋ ನೋಡುತ್ತಾ ಊಟ ಮಾಡುತ್ತಿದ್ದರು. ಆ ಮೌನ ನನಗೆ ಬೇಡವಾಗಿತ್ತು.

ಒಳಗಿನ ಗಾಳಿ ಕರಗಿದ ಮೇಲೆ ಕಣ್ಣು ನೋಡಿಸಲು ನಾದಿನಿಯ ಜೊತೆ ಹೋದೆ. ಇವರು ಡಿಪೋದಿಂದ ನೇರ ಬರುತ್ತೇನೆಂದಿದ್ದರು. ನಾದಿನಿ ಹೊರಗೆ ಕೂತಳು. ಡಾಕ್ಟರು ಬಲಗಣ್ಣಿಗೆ ಪಟ್ಟಿ ಹಾಕಿಸಿ, ಎಡಗಣ್ಣಿಗೆ ಅಕ್ಷರ ತೋರಿಸಿದರು, ಆಮೇಲೆ ಬೆರಳು ತೋರಿಸಿದರು. “ಆಪರೇಷನ್ ಹಿಂದಿನ ದಿನವೇ ಆಗಿದ್ರೆ ನಡುಭಾಗ ಉಳೀತಿತ್ತು ಅಮ್ಮ. ಇನ್ನು ಇದಕ್ಕಿಂತ ಹೆಚ್ಚು ದೃಷ್ಟಿ ಬರೋದು ಕಷ್ಟ” ಎಂದರು.

“ಸಾರ್, ಈ ಮಾತನ್ನ ನಮ್ಮ ಮನೆಯವರ ಮುಂದೆ ಮಾತ್ರ ಆಡಬೇಡಿ” ಎಂದೆ.

ಬಲಗಣ್ಣಿನ ಪಟ್ಟಿ ಇನ್ನೂ ತೆಗೆದಿರಲಿಲ್ಲ, ಅಷ್ಟರಲ್ಲಿ ಬಾಗಿಲು ತೆರೆಯಿತು. ಇವರು ಬಂದು ನನ್ನೆದುರು ನಿಂತರು. “ಕಾಣ್ತಿದೀನೇನೇ?” ಎಂದು ಕೇಳಿದರು.

“ಕಾಣದೆ ಏನು? ಮುಖದ ತುಂಬಾ ಬೆವರು ಸುರೀತಿದೆ. ಡಾಕ್ಟರ ಮುಂದೆ ಹೀಗಾ ಬರೋದು? ಒರೆಸ್ಕೊಳ್ರೀ ಮೊದಲು!”

ಇವರು ನಕ್ಕರು. ಎಷ್ಟು ದಿನದ ಮೇಲೋ. ನಗುತ್ತಲೇ ಕರ್ಚೀಫಿಗಾಗಿ ಜೇಬು ತಡಕಾಡುವ ಸದ್ದು ಕೇಳಿತು. ಡಾಕ್ಟರು ನನ್ನ ಮಾತು ಉಳಿಸಿಕೊಟ್ಟರು. ನನಗೆ ಕಂಡದ್ದು ಅಂಚಿನಲ್ಲಿ ಒಂದಿಷ್ಟು ಬೆಳಕು, ಅವರ ಮುಖವಿರಬೇಕಾದಲ್ಲಿ ಬರೀ ಕತ್ತಲೆ. ಮೆಟ್ಟಿಲುಗಳನ್ನು ಓಡಿ ಹತ್ತಿ ಬಂದವರ ಏದುಸಿರು ಕಿವಿಗೆ ಬಿದ್ದಿತ್ತು, ಅಷ್ಟೇ.