ಮಗ್ಗಗಳು ಒಂದೊಂದಾಗಿ ನಿಂತ ಮಧ್ಯಾಹ್ನ

ಕಳೆದ ಚಳಿಗಾಲದ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದೆ. ಗೋಡೆಯ ಗಡಿಯಾರ ನೋಡಿದ್ದು ಇವತ್ತಿಗೂ ನೆನಪಿದೆ. ಆಗಲೇ ಹಿತ್ತಿಲ ಶೆಡ್ಡಿನ ನಾಲ್ಕು ಮಗ್ಗಗಳಲ್ಲಿ ಒಂದು ನಿಂತಿತು.

ಬನಹಟ್ಟಿಯಲ್ಲಿ ಮಗ್ಗ ನಿಲ್ಲುವುದು ಸುದ್ದಿಯೇ ಅಲ್ಲ. ಲಾಳಿಯೊಳಗೆ ನೂಲು ಸುತ್ತಿಟ್ಟ ಸಣ್ಣ ಕಡ್ಡಿ, ಅಂದರೆ ಕಂಡಿಕೆ, ಖಾಲಿಯಾದರೆ ಪವರ್‌ಲೂಮ್ ತಾನಾಗಿಯೇ ನಿಲ್ಲುತ್ತದೆ. ನೇಯುವವರು ಹೊಸ ಕಂಡಿಕೆ ಹಾಕಿ ಹಿಡಿಕೆ ಎಳೆದರೆ ಮತ್ತೆ ಖಟಖಟ ಶುರು. ಮುಧೋಳದಲ್ಲಿ ಬಿ.ಎಸ್‌ಸಿ. ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಆ ಸದ್ದಿಗೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಈಗ ಅದು ನಿಂತಾಗ ಮಾತ್ರ ಕಿವಿಗೆ ಬೀಳುತ್ತದೆ.

ಮುಂದಿನದಕ್ಕೆ ಮೊದಲು ಅವತ್ತಿನ ಬೆಳಗಿನ ಸಂಗತಿ ಹೇಳಬೇಕು. ಒಂಬತ್ತನೆಯ ತರಗತಿಯ ನನ್ನ ಮಗಳು ಪಲ್ಲವಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನೀರು ಸೋಸುವ ಫಿಲ್ಟರ್ ಮಾಡುತ್ತಿದ್ದಳು. ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿದ ದೊಡ್ಡ ಪ್ಲಾಸ್ಟಿಕ್ ಬಾಟಲಿ. ಅದರ ಬಾಯಿಗೆ ಬಟ್ಟೆ, ಅದರ ಮೇಲೆ ಇದ್ದಿಲು, ಮರಳು, ಸಣ್ಣ ಕಲ್ಲು. ತನ್ನ ಗುಂಪಿನ ಎಲ್ಲರಿಗೂ ತಾನೇ ಇದ್ದಿಲು ಮಾಡಿಕೊಡುತ್ತೇನೆಂದು ಜಂಬ ಕೊಚ್ಚಿಕೊಂಡು ಬಂದಿದ್ದಳು. ಜಾಲಿ ಕಟ್ಟಿಗೆ ಸುಟ್ಟು ಕಬ್ಬಿಣದ ದೊಡ್ಡ ಬುಟ್ಟಿಯ ತುಂಬ ಕೆಂಡ ಮಾಡಿದಳು. ಇದ್ದಿಲು ಒಣಗಿರಬೇಕು ಎಂದು ಶಾಲೆಯಲ್ಲಿ ಹೇಳಿದ್ದರಂತೆ. ಅದಕ್ಕೇ ನೀರು ಹಾಕದೆ, ಕೆಂಡ ಆರಲೆಂದು ಮೇಲೆ ದಪ್ಪಗೆ ಬೂದಿ ಮುಚ್ಚಿದಳು. ಕೆಂಪು ಮಾಯವಾಯಿತು, ಹೊಗೆ ನಿಂತಿತು. ಎಲ್ಲರೂ ಆರಿತೆಂದೇ ತಿಳಿದೆವು.

ಊಟದ ಹೊತ್ತಿಗೆ ಗಾಳಿ ಎದ್ದಿತು. ಅಂಗಳದಲ್ಲಿ ನೂಲು ಒಣಹಾಕಿದ್ದ ಪಕ್ಕದ ಮನೆಯ ಕಸ್ತೂರವ್ವ ಗೋಡೆಯ ಆಚೆಯಿಂದ ಕೂಗಿದರು. “ಏ ಪಲ್ಲವಿ, ನಿನ್ನ ಬೂದಿ ಎಲ್ಲಾ ನನ್ನ ಬಿಳಿ ನೂಲಿಗೆ ಹತ್ತಾಕತ್ತೇತಿ. ನೀರ ಸೋಸೂದ ಇರ್ಲಿ, ಮೊದಲ ನನ್ನ ನೂಲ ತೊಳದ ಕೊಡು ಬಾ.”

ನನ್ನ ಮಾವ ನಕ್ಕು ಮೊಮ್ಮಗಳಿಗೆ ಹೇಳಿದರು. “ಆಕಿ ಬಾಯಿ ಮುಚ್ಚಂಗಿಲ್ಲ ಬಿಡು. ಬುಟ್ಟಿ ಶೆಡ್ಡಿನ ಒಳಗ ತಂದ ಇಡವ್ವ.”

ಇಬ್ಬರೂ ಸೇರಿ ಬುಟ್ಟಿಯನ್ನು ಒಳಗಿನ ಮೂಲೆಗೆ ಇಟ್ಟರು. ಪಲ್ಲವಿ ಮರಳು ತರಲು ಗೆಳತಿಯ ಮನೆಗೆ ಹೋದಳು. ಮಾವ ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ಬಾಗಿಲು ಮುಚ್ಚಿಕೊಂಡು ನೇಯಲು ನಿಂತರು. ಒಣಗಾಳಿ ಹೊಕ್ಕರೆ ನೂಲು ಹರಿಯುತ್ತದೆಂದು ಇಲ್ಲಿ ಬಹಳ ಮಂದಿ ಹೀಗೇ ಮಾಡುತ್ತಾರೆ.

ಮೊದಲ ಮಗ್ಗ ನಿಂತದ್ದು ಮತ್ತೆ ಶುರುವಾಗಲಿಲ್ಲ. ಸ್ವಲ್ಪ ಹೊತ್ತಿಗೆ ಎರಡನೆಯದು ನಿಂತಿತು. ಕರೆಂಟ್ ಹೋಯಿತೇ ಎಂದು ತಲೆ ಎತ್ತಿದರೆ ಫ್ಯಾನ್ ತಿರುಗುತ್ತಿತ್ತು. ಕರೆಂಟ್ ಹೋದರೆ ನಾಲ್ಕೂ ಒಟ್ಟಿಗೇ ನಿಲ್ಲಬೇಕು. ಮೂರನೆಯದೂ ನಿಂತಿತು. ಹೀಗೆ ಒಂದರ ಹಿಂದೆ ಒಂದು ನಿಂತರೆ ಕಂಡಿಕೆ ಬದಲಿಸುವವರು ಇಲ್ಲವೆಂದೇ ಅರ್ಥ. ನಾಲ್ಕನೆಯದು ನಿಲ್ಲುವಷ್ಟರಲ್ಲಿ ನಾನು ಹಿತ್ತಿಲಲ್ಲಿದ್ದೆ.

ಬಾಗಿಲು ನೂಕಿದೆ. ಮೋಟರುಗಳು ಗುಂಯ್ ಎನ್ನುತ್ತಿದ್ದವು, ಮಗ್ಗಗಳು ಸುಮ್ಮನಿದ್ದವು. ಮಾವ ಎರಡು ಮಗ್ಗಗಳ ನಡುವಿನ ಸಂದಿಯಲ್ಲಿ ಮಗುಚಿ ಬಿದ್ದಿದ್ದರು. ಕೈಯಲ್ಲಿ ಕಂಡಿಕೆ ಹಾಗೇ ಇತ್ತು.

“ಮಾವಾರ, ಏಳ್ರಿ! ಮಾವಾರ!”

ಅಲುಗಾಡಲಿಲ್ಲ. ಹೃದಯಾಘಾತ ಎಂದೇ ಅಂದುಕೊಂಡೆ. ನನ್ನ ಕಿರುಚಾಟ ಕೇಳಿ ಕಸ್ತೂರವ್ವ ಓಡಿ ಬಂದರು. ನಾನು ತೋಳು ಹಿಡಿದೆ, ಅವರು ಕಾಲು ಹಿಡಿದರು. ಹೊರಗೆ ಎಳೆದು ತರುವಷ್ಟರಲ್ಲಿ ನನ್ನ ತಲೆಯೂ ಗಿರ್ರನೆ ತಿರುಗಿತು. ಹೆದರಿಕೆಗೆ ಹೀಗಾಗುತ್ತಿದೆ ಎಂದುಕೊಂಡೆ. ನನ್ನ ಯಜಮಾನರು ಕೆಲಸದ ಮೇಲೆ ಬೀಳಗಿಗೆ ಹೋಗಿದ್ದರು. ಓಣಿಯ ಆಟೋದಲ್ಲಿ ಮಾವನನ್ನು ಹತ್ತಿರದ ಆಸ್ಪತ್ರೆಗೆ ಒಯ್ದೆವು.

ಡಾಕ್ಟರ್ ಕಣ್ಣರೆಪ್ಪೆ ಬಿಡಿಸಿ ನೋಡಿ ಕೇಳಿದರು. “ಒಳಗ ಏನರ ಉರಿಯಾಕತ್ತಿತ್ತೇನ್ರಿ?”

“ಇಲ್ರಿ ಡಾಕ್ಟರ್. ನೂಲ ಇರೂ ಜಾಗಾ. ಅಲ್ಲಿ ಬೀಡಿ ಸೈತ ಹಚ್ಚಂಗಿಲ್ಲ” ಎಂದೆ. ಖರೆ ಎಂದೇ ನಂಬಿ ಹೇಳಿದೆ.

ಅಷ್ಟರಲ್ಲಿ ಓಣಿಯವರಿಂದ ಸುದ್ದಿ ತಿಳಿದು ಪಲ್ಲವಿ ಓಡಿ ಬಂದಳು. ಕೈಯಲ್ಲಿ ಮರಳಿನ ಚೀಲ ಇನ್ನೂ ಇತ್ತು. ಡಾಕ್ಟರ ಪ್ರಶ್ನೆ ಅವಳ ಕಿವಿಗೂ ಬಿದ್ದಿರಬೇಕು. ಸಣ್ಣ ದನಿಯಲ್ಲಿ ಹೇಳಿದಳು. “ಅವ್ವಾ, ಬುಟ್ಟಿ ಐತಲ್ಲ ಒಳಗ. ಇದ್ದಲಿ ಬುಟ್ಟಿ.”

ಬೂದಿಯ ಕೆಳಗೆ ಕೆಂಡ ಆರಿರಲೇ ಇಲ್ಲ. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಇಲ್ಲದೆ, ವಾಸನೆ ಇಲ್ಲದೆ ವಿಷಗಾಳಿ ತುಂಬಿತ್ತು. ಡಾಕ್ಟರ್ ಕೂಡಲೇ ಆಮ್ಲಜನಕ ಹಚ್ಚಿ, ಆಂಬ್ಯುಲೆನ್ಸ್‌ನಲ್ಲಿ ಜಮಖಂಡಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಕಬ್ಬಿನ ಹಂಗಾಮು. ದಾರಿಯಲ್ಲಿ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ರಸ್ತೆಯ ತುಂಬ ಹೋಗುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಹಚ್ಚಿದ್ದ ಹಾಡಿನ ಅಬ್ಬರದಲ್ಲಿ ಚಾಲಕನಿಗೆ ಸೈರನ್ ಕೇಳಿಸುತ್ತದೆಯೋ ಇಲ್ಲವೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಆದರೆ ಅವನು ತಿರುಗಿ ನೋಡಿದ್ದೇ ತಡ, ಪಲ್ಟಿಯಾದೀತೆಂದೂ ಯೋಚಿಸದೆ ಟ್ರೇಲರ್ ಸಮೇತ ಮಣ್ಣಿಗೆ ಇಳಿಸಿದ. ಹಾಡು ಬಂದ್ ಮಾಡಿ, ನಮ್ಮ ಗಾಡಿ ದಾಟುವವರೆಗೂ ಕೈ ಮುಗಿದು ನಿಂತಿದ್ದ. ಅವನ ಮುಖ ನೆನಪಿಲ್ಲ, ಮುಗಿದ ಕೈ ನೆನಪಿದೆ.

ಕತ್ತಲಾಗುವ ಹೊತ್ತಿಗೆ ಮಾವ ಕಣ್ಣು ಬಿಟ್ಟರು. ಮೊದಲ ಮಾತು, “ಮೋಟರ್ ಬಂದ್ ಮಾಡೀರಿಲ್ಲೋ? ಸುಟ್ಟು ಹೋಗ್ತಾವ.” ನಾನು ಅಳುತ್ತಲೇ ನಕ್ಕೆ.

ಅವರು ಮನೆಗೆ ಬಂದರೂ ಮನೆ ಮೊದಲಿನಂತಾಗಲಿಲ್ಲ. ರಾತ್ರಿ ಮತ್ತೆ ಮತ್ತೆ ಎದ್ದು ಹೋಗಿ ಅವರ ಉಸಿರು ನೋಡಿ ಬರುತ್ತಿದ್ದೆ. ಕಣ್ಣು ಮುಚ್ಚಿದರೆ ಆ ನಾಲ್ಕು ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಶೇಂಗಾ ಹುರಿಯುವಾಗ ರೇಡಿಯೋ ಹಚ್ಚಿಕೊಂಡಿದ್ದರೆ, ಯಾರದೋ ಫೋನ್ ಬಂದಿದ್ದರೆ ಎಂಬ ಯೋಚನೆ ಬಿಡುತ್ತಿರಲಿಲ್ಲ. ಎದ್ದಾಗೆಲ್ಲ ಪಲ್ಲವಿಯ ಕಣ್ಣುಗಳೂ ತೆರೆದೇ ಇರುತ್ತಿದ್ದವು. ಅವಳು ಅಜ್ಜನ ಎದುರಿಗೇ ಬರುತ್ತಿರಲಿಲ್ಲ.

ಒಂದು ಸಂಜೆ ಮಾವ ತಾವೇ ಅವಳನ್ನು ಹಿಡಿದು ಕೂರಿಸಿದರು. “ನಿನ್ನ ಬಾಟ್ಲಿ ಎಲ್ಲೈತಿ?”

“ತಿಪ್ಪಿಗೆ ಒಗದೀನಿ.”

“ಯಾಕ?”

“ನನ್ನ ಸಲುವಾಗಿ ನೀ ಸಾಯ್ತಿದ್ದಿ ಮುತ್ಯಾ.”

“ಒಳಗ ಇಡು ಅಂದಾಂವ ಯಾರು? ನಾನ. ಕಿಡಕಿ ಮುಚ್ಚಿದಾಂವ ಯಾರು? ನಾನ. ತಪ್ಪೆಲ್ಲಾ ನೀ ಒಬ್ಬಾಕಿನ ಕಟಗೊಂಡ ಹೋದ್ರ ನನ್ನ ಪಾಲಿಗೆ ಏನ ಉಳೀತು?”

ಪಲ್ಲವಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬಹಳ ಹೊತ್ತು ಅತ್ತಳು.

ಮಗ್ಗ ಅಷ್ಟು ದಿನ ನಿಂತಿದ್ದರಿಂದ, ಮತ್ತೆ ಚಾಲೂ ಮಾಡಿದಾಗ ಅರ್ಧ ನೇಯ್ದಿದ್ದ ಸೀರೆಯಲ್ಲಿ ದಪ್ಪ ಗೆರೆ ಬಿದ್ದಿತ್ತು. ಆ ಸೀರೆಯನ್ನು ಇನ್ನು ಯಾರೂ ಕೊಳ್ಳುವಂತಿರಲಿಲ್ಲ. ಮಾವ ಗೆರೆ ಇದ್ದ ಜಾಗದಲ್ಲೇ ಒಂದು ತುಂಡು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಹೊಸ ಬಾಟಲಿಯ ಬಾಯಿಗೆ ನೇಕಾರರ ಗಂಟು ಹಾಕಿ ಕಟ್ಟಿಕೊಟ್ಟರು. ಹೊಸ ಇದ್ದಿಲನ್ನು ಪಲ್ಲವಿ ಅಂಗಳದಲ್ಲೇ ಬಕೆಟ್ ನೀರಿನಲ್ಲಿ ಮುಳುಗಿಸಿ, ಮರುದಿನ ತೊಳೆದು ಒಣಗಿಸಿದಳು. ಈ ಸಲ ಕಸ್ತೂರವ್ವ ಕೂಗದೆ, ತಾವಾಗಿಯೇ ತಮ್ಮ ಅಂಗಳದ ನೂಲು ಒಳಗೆ ತೆಗೆದುಕೊಂಡು ಹೋದರು.

ಪ್ರದರ್ಶನದ ದಿನ ಹೊಳೆಯ ರಾಡಿ ನೀರು ಬಾಟಲಿಯೊಳಗೆ ಹನಿ ಹನಿಯಾಗಿ ಇಳಿದು ತಿಳಿಯಾಗಿ ಹೊರಬಂತು. ನೋಡಲು ಬಂದ ಮೇಷ್ಟ್ರೊಬ್ಬರು, “ಕುಡೀಬಹುದೇನವಾ?” ಎಂದರು.

“ಹಂಗ ಕುಡೀಬಾರದ್ರಿ ಸರ್. ಇದರಾಗ ರಾಡಿ ಅಷ್ಟ ಹೋಗ್ತೈತಿ. ಕುದಿಸಿದ ಮ್ಯಾಲೆ ಕುಡೀಬೇಕು.” ಬಾಟಲಿಯ ಇದ್ದಿಲಿನ ಕಡೆ ಬೆರಳು ತೋರಿಸಿ, ಮತ್ತೆ ಹೇಳಿದಳು. “ಇನ್ನೊಂದ್ರಿ ಸರ್. ಇದ್ದಲಿ ಆರಿದಂಗ ಕಂಡ್ರೂ ಮನಿಯೊಳಗ ಇಡಬಾರದು. ನಮ್ಮ ಮುತ್ಯಾನ ಕೇಳ್ರಿ.” ಹಿಂದೆ ನಿಂತಿದ್ದ ಮಾವ ಹೌದೆಂದು ತಲೆ ಆಡಿಸಿದರು. ಬಂದವರಿಗೆಲ್ಲ ಅವಳು ಆ ಮಾತನ್ನು ತಪ್ಪದೆ ಹೇಳಿದಳು.

ಆ ರಾತ್ರಿ ಮಲಗಿದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಪಲ್ಲವಿ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದಳು. ಹಿತ್ತಿಲಲ್ಲಿ ನಾಲ್ಕೂ ಮಗ್ಗ ನಡೆಯುತ್ತಿದ್ದವು. ಈಗ ಶೆಡ್ಡಿನ ಒಂದು ಕಿಟಕಿ ಯಾವಾಗಲೂ ತೆರೆದಿರುತ್ತದೆ. ನೂಲು ಹರಿದಾಗೆಲ್ಲ ಮಾವ ಅದನ್ನು ಬಯ್ಯುತ್ತಾರೆ, ಆದರೆ ಮುಚ್ಚುವುದಿಲ್ಲ.

ಆ ಬೆಳಿಗ್ಗೆ ಮಗ್ಗಗಳ ಸದ್ದು ಕೇಳುತ್ತಾ ಮಲಗಿದ್ದಂತೆ ಒಂದು ಮಗ್ಗ ನಿಂತಿತು. ಉಸಿರು ಬಿಗಿಹಿಡಿದೆ. ಮಾವ ಕೆಮ್ಮಿದರು, ಹಿಡಿಕೆ ಎಳೆದ ಸದ್ದಾಯಿತು, ಮಗ್ಗ ಮತ್ತೆ ಶುರುವಾಯಿತು. ನಾನು ಮಗಳ ಹೊದಿಕೆ ಸರಿಮಾಡಿ, ಇನ್ನಷ್ಟು ಹೊತ್ತು ಮಲಗಿದೆ.